ಮೌಸ್ ಹಿಡಿದು ಸ್ವರ ಜಾರಿಸೋಣ ಬನ್ನಿ



ರೇಡಿಯೋದಲ್ಲಿ ಭಾವಗೀತೆ ಕೇಳಿ, ಅದನ್ನೇ ಮನೆಯ ಕೀಬೋರ್ಡಿನಲ್ಲಿ ನುಡಿಸಲು ಕೂತಿದ್ದೀರಾ? ಸ್ವರ ಸರಿ, ತಾಳವೂ ಸರಿ. ಆದರೂ ಏನೋ ಕಳೆದುಹೋದಂತೆ ಅನಿಸುತ್ತದೆ, ಅಲ್ಲವೇ? ಗಾಯಕರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾರೆ, ಕೀಬೋರ್ಡು ಜಿಗಿಯುತ್ತದೆ. ನಮ್ಮ ಗಮಕ ಇರುವುದು ಆ ನಡುವಿನ ಜಾಗದಲ್ಲೇ!

ದುಬಾರಿ ಕೀಬೋರ್ಡುಗಳಲ್ಲಿ ಇದಕ್ಕೆಂದೇ ಎಡಗಡೆ ಒಂದು ಚಕ್ರವಿರುತ್ತದೆ. ನಿಮ್ಮದರಲ್ಲಿ ಇಲ್ಲವೇ? ಕಂಪ್ಯೂಟರಿನ ಮೌಸ್ ಆ ಕೆಲಸ ಮಾಡಬಲ್ಲದು.

ಇದು ಹೊಸ ಯೋಚನೆಯೇನಲ್ಲ. ಅಮೆರಿಕದ ಸಂಗೀತ ಸಂಯೋಜಕಿ ಲಾರಿ ಸ್ಪೀಗೆಲ್ 1986ರಲ್ಲೇ 'ಮ್ಯೂಸಿಕ್ ಮೌಸ್' ಎಂಬ ತಂತ್ರಾಂಶ ಹೊರತಂದರು. ಮೌಸನ್ನು ಅಡ್ಡಡ್ಡ, ಉದ್ದುದ್ದ ಸರಿಸಿದಂತೆ ಸ್ವರಗಳು ಬದಲಾಗುತ್ತಿದ್ದವು.

ಇದರ ಗುಟ್ಟು ಇಷ್ಟೆ. ವಾದ್ಯಗಳು ಪರಸ್ಪರ ಮಾತಾಡಲು 1983ರಲ್ಲಿ 'ಮಿಡಿ' ಎಂಬ ಭಾಷೆ ಬಂತು. ಅದರಲ್ಲಿ ಹರಿಯುವುದು ಶಬ್ದವಲ್ಲ, ಬರೀ ಅಂಕಿಗಳು. ವಾಲ್ಯೂಮಿಗೆ 0ಯಿಂದ 127ರವರೆಗೆ 128 ಮೆಟ್ಟಿಲು. ಸ್ವರ ಜಾರಿಸುವ 'ಪಿಚ್ ಬೆಂಡ್'ಗೆ ಮಾತ್ರ 16,384 ಮೆಟ್ಟಿಲು, ನಡುವಿನ ಸ್ಥಾನ 8192. ಮೆಟ್ಟಿಲು ಅಷ್ಟು ಸಣ್ಣದಿದ್ದರೆ ಕಿವಿಗೆ ಜಾರುವಿಕೆ ನುಣುಪಾಗಿ ಕೇಳುತ್ತದೆ. ಸಾಮಾನ್ಯವಾಗಿ ಇದರ ಹರವು ಎರಡು ಅರ್ಧಸ್ವರ ಮೇಲೆ, ಎರಡು ಕೆಳಗೆ. ಅಂದರೆ ಷಡ್ಜದ ಕೀಲಿ ಒತ್ತಿ ಹಿಡಿದು ಪೂರ್ತಿ ಮೇಲಕ್ಕೆಳೆದರೆ ಚತುಶ್ರುತಿ ರಿಷಭ!

ಮೌಸಿಗೆ ಮಿಡಿ ಭಾಷೆ ಬರುವುದಿಲ್ಲ. 'ಇಷ್ಟು ಸರಿದೆ' ಎಂದಷ್ಟೇ ಅದು ಹೇಳುತ್ತದೆ. ಅದನ್ನು ಮಿಡಿಗೆ ಅನುವಾದಿಸಲು ಒಂದು ತಂತ್ರಾಂಶ ಬೇಕು. 'ಪ್ಯೂರ್ ಡೇಟಾ' ಉಚಿತವಾಗಿ ಸಿಗುತ್ತದೆ. ಪರದೆಯ ಮೇಲೆ ಒಂದು ಸ್ಲೈಡರ್ ಇಟ್ಟು, ಅದನ್ನು ಪಿಚ್ ಬೆಂಡಿಗೆ ಜೋಡಿಸಿ. ಸ್ಲೈಡರ್ ಆದಷ್ಟು ಉದ್ದವಿರಲಿ. ಗಿಡ್ಡವಾದರೆ ಮೆಟ್ಟಿಲುಗಳು ಕಿವಿಗೆ ಬೀಳುತ್ತವೆ. ಬಲಗೈಯಲ್ಲಿ ಮೌಸ್, ಎಡಗೈಯಲ್ಲಿ ಕೀಲಿ. ಶಬ್ದ ಕೀಬೋರ್ಡಿನಿಂದಲೇ ಬರುವುದರಿಂದ ತಡವಾಗುವುದು ಬಹಳ ಕಡಿಮೆ.

ಶುರುಮಾಡುವ ಮುನ್ನ ಮೂರು ಮಾತು:

ಒಂದು, ಕೀಬೋರ್ಡಿನ ಕೈಪಿಡಿಯ ಕೊನೆಯಲ್ಲಿ 'ಮಿಡಿ ಇಂಪ್ಲಿಮೆಂಟೇಶನ್ ಚಾರ್ಟ್' ಇದೆಯೇ ನೋಡಿ. ಪಿಚ್ ಬೆಂಡ್ ಸಾಲಿನಲ್ಲಿ 'ಸ್ವೀಕರಿಸುತ್ತದೆ' ಎಂಬ ಗುರುತಿದ್ದರೆ ಮಾತ್ರ ಮುಂದುವರಿಯಿರಿ. ಯುಎಸ್‌ಬಿ ಇಲ್ಲದ ಹಳೆಯ ಕೀಬೋರ್ಡಿನಲ್ಲಿ ಐದು ಪಿನ್ನಿನ ದುಂಡು ಸಾಕೆಟ್ ಇದ್ದರೆ, ಯುಎಸ್‌ಬಿ ಮಿಡಿ ಕೇಬಲ್ ಕೊಳ್ಳಬೇಕು.

ಎರಡು, ಚಕ್ರಕ್ಕೆ ಸ್ಪ್ರಿಂಗ್ ಇರುತ್ತದೆ, ಬಿಟ್ಟರೆ ತಾನಾಗಿ ನಡುವಿಗೆ ಬರುತ್ತದೆ. ಮೌಸಿಗೆ ಆ ಬುದ್ಧಿಯಿಲ್ಲ. ಅರ್ಧದಲ್ಲಿ ಕೈಬಿಟ್ಟರೆ ಮುಂದಿನ ಸ್ವರಗಳೆಲ್ಲ ಅಪಸ್ವರ! ಒತ್ತಿದ ಕೂಡಲೇ ನಡುವಿನ ಸ್ಥಾನಕ್ಕೆ ತರುವ ಒಂದು ಬಟನ್ನನ್ನು ಪರದೆಯಲ್ಲೇ ಇಟ್ಟುಕೊಳ್ಳಿ.

ಮೂರು, ಬೆಂಡ್ ಒಂದು ಚಾನೆಲಿನ ಎಲ್ಲಾ ಸ್ವರಗಳನ್ನೂ ಒಟ್ಟಿಗೆ ಎಳೆಯುತ್ತದೆ. ಅದೇ ಚಾನೆಲಿನಲ್ಲಿ ಶ್ರುತಿ ಹಿಡಿದರೆ ಶ್ರುತಿಯೂ ಜಾರುತ್ತದೆ. ಶ್ರುತಿಪೆಟ್ಟಿಗೆ ಬೇರೆಯೇ ಇರಲಿ.

ಮೊದಲ ವಾರ ಬೇರೇನೂ ಬೇಡ. ಷಡ್ಜದಿಂದ ರಿಷಭಕ್ಕೆ ಹೋಗಿ, ಹಿಂತಿರುಗಿ, ಅಷ್ಟೇ. ಶ್ರುತಿ ಕೂಡುವವರೆಗೆ ನಿಧಾನವಾಗಿ. ಆಮೇಲೆ ನಿಮ್ಮ ಮೆಚ್ಚಿನ ಭಾವಗೀತೆಯ ಪಲ್ಲವಿ ನುಡಿಸಿ. ಹೇಗಾಯಿತು ಎಂದು ನಮಗೂ ಬರೆದು ತಿಳಿಸುತ್ತೀರಲ್ಲ?

ಕೇಳುತ್ತಿರಿ, ನುಡಿಸುತ್ತಿರಿ.