ಮಿದುಳಿಗೆ ಈಸ್ಟ್ರೋಜನ್ ಕಾವಲೇ?

ವಯಸ್ಸಾದ ಮೇಲೆ ಮರೆವು ಸಹಜ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಆದರೆ ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವ ಮರೆವೇ ಬೇರೆ, ಹೆತ್ತ ಮಗನ ಗುರುತೇ ಸಿಗದ ಮರೆವೇ ಬೇರೆ. ಎರಡನೆಯದು ಕಾಯಿಲೆ. ಇಂಥ ಕಾಯಿಲೆಗಳಲ್ಲಿ ಅತಿ ಸಾಮಾನ್ಯವಾದ ಆಲ್ಜೀಮರ್ಸ್ ರೋಗವನ್ನು 1906ರಲ್ಲಿ ಮೊದಲು ವಿವರಿಸಿದವರು ಜರ್ಮನಿಯ ವೈದ್ಯ ಆಲೋಯಿಸ್ ಆಲ್ಜೀಮರ್. ಅವರು ಕಂಡ ಮೊದಲ ರೋಗಿ ಒಬ್ಬ ಮಹಿಳೆ. ಇಂದು ಅಮೆರಿಕದಲ್ಲಿ ಈ ರೋಗಿಗಳ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಸ್ತ್ರೀಯರೇ.

ಸ್ತ್ರೀಯರು ಪುರುಷರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಎಂಬುದು ಇದಕ್ಕೆ ಮುಖ್ಯ ಕಾರಣ. ಅದೊಂದೇ ಕಾರಣವೇ? ವಿಜ್ಞಾನಿಗಳ ಅನುಮಾನ ಈಸ್ಟ್ರೋಜನ್ ಎಂಬ ಹಾರ್ಮೋನಿನ ಕಡೆ ಹೊರಳಿತು. ಹೆಣ್ಣಿನ ದೇಹದಲ್ಲಿ ಇದನ್ನು ಮುಖ್ಯವಾಗಿ ತಯಾರಿಸುವುದು ಅಂಡಾಶಯ. ಮುಟ್ಟು ನಿಲ್ಲುವ ಹೊತ್ತಿಗೆ, ಅಂದರೆ ಪಶ್ಚಿಮ ದೇಶಗಳಲ್ಲಿ ಸುಮಾರು 51ನೇ ವಯಸ್ಸಿನಲ್ಲಿ, ನಮ್ಮಲ್ಲಿ ಇನ್ನೂ ನಾಲ್ಕೈದು ವರ್ಷ ಮೊದಲೇ, ಇದರ ಪ್ರಮಾಣ ತೀವ್ರವಾಗಿ ಕುಸಿಯುತ್ತದೆ. ಈ ಕೊರತೆಯಿಂದ ಮಿದುಳು ಸೊರಗುತ್ತದೆಯೇ ಎಂಬುದೇ ಪ್ರಶ್ನೆ.

ಇಲಿ ತೋರಿಸಿದ ದಾರಿ

ಮಿದುಳಿನಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಹೊಸ ನೆನಪುಗಳು ರೂಪುಗೊಳ್ಳಲು ಇದು ಬೇಕೇ ಬೇಕು. ಇಲ್ಲಿನ ನರಕೋಶಗಳ ಕವಲುಗಳ ಮೇಲೆ, ಗುಲಾಬಿ ಕಡ್ಡಿಯ ಮುಳ್ಳುಗಳಂತೆ, ಅತಿ ಸೂಕ್ಷ್ಮವಾದ ಚಾಚುಗಳಿರುತ್ತವೆ. ಒಂದು ಕೋಶ ಇನ್ನೊಂದರಿಂದ ಸಂದೇಶ ಪಡೆಯುವುದು ಬಹುಮಟ್ಟಿಗೆ ಇವುಗಳ ಮೂಲಕವೇ.

ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಮೆಕ್ಈವನ್, ಕ್ಯಾಥರೀನ್ ವೂಲಿ, ಎಲಿಜಬೆತ್ ಗೌಲ್ಡ್ ಮತ್ತು ಸಂಗಡಿಗರು ಹೆಣ್ಣಿಲಿಗಳಲ್ಲಿ ಈ ಮುಳ್ಳುಗಳನ್ನು ಎಣಿಸಿದರು. ಇಲಿಯ ಋತುಚಕ್ರ ನಾಲ್ಕೈದು ದಿನಗಳದ್ದು. ಹಾರ್ಮೋನು ಏರಿದಾಗ ಮುಳ್ಳುಗಳೂ ಹೆಚ್ಚಿದವು. ಅದು ಇಳಿದ ಮೇಲೆ, ಕೇವಲ 24 ಗಂಟೆಗಳಲ್ಲಿ, ಸುಮಾರು ಶೇಕಡಾ 30ರಷ್ಟು ಮಾಯವಾದವು! ಅಂಡಾಶಯ ತೆಗೆದ ಇಲಿಗಳಲ್ಲಿ ಮುಳ್ಳುಗಳು ಕಡಿಮೆಯಾದವು. ಈಸ್ಟ್ರೋಜನ್ ಕೊಟ್ಟಾಗ ಮತ್ತೆ ಮೂಡಿದವು. 1990ರಲ್ಲಿ ಪ್ರಕಟವಾದ ಈ ಫಲಿತಾಂಶಗಳು ವಿಜ್ಞಾನಲೋಕದ ಗಮನ ಸೆಳೆದವು.

ಸಮೀಕ್ಷೆಯ ಭರವಸೆ

ಮನುಷ್ಯರ ಸಂಗತಿ ಏನು? ಅಮೆರಿಕದಲ್ಲಿ 1942ರಿಂದಲೇ ಪ್ರೆಮರಿನ್ ಎಂಬ ಈಸ್ಟ್ರೋಜನ್ ಗುಳಿಗೆ ಮಾರಾಟದಲ್ಲಿತ್ತು. ಗಬ್ಬದ ಕುದುರೆಗಳ ಮೂತ್ರದಿಂದ ತಯಾರಾಗುವ ಔಷಧ ಅದು. ಮೈಬಿಸಿ, ಬೆವರು, ನಿದ್ರೆಗೇಡು ಮುಂತಾದ ತೊಂದರೆಗಳಿಗೆ ಲಕ್ಷಾಂತರ ಮಹಿಳೆಯರು ಅದನ್ನು ಸೇವಿಸುತ್ತಿದ್ದರು. ನ್ಯೂಯಾರ್ಕಿನ 1,124 ವೃದ್ಧೆಯರ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಈಸ್ಟ್ರೋಜನ್ ಸೇವಿಸಿದ್ದವರಿಗೆ ಆಲ್ಜೀಮರ್ಸ್ ಬರುವ ಸಂಭವ ಉಳಿದವರ ಅರ್ಧಕ್ಕಿಂತಲೂ ಕಡಿಮೆ ಎಂದು ಅದು ಹೇಳಿತು. ಮರುವರ್ಷ ಬಾಲ್ಟಿಮೋರಿನ ಅಧ್ಯಯನವೂ ಹೆಚ್ಚುಕಡಿಮೆ ಅದನ್ನೇ ಸಾರಿತು. ಮರೆಗುಳಿತನಕ್ಕೆ ಮದ್ದು ಸಿಕ್ಕೇಬಿಟ್ಟಿತು ಎಂದು ಅನೇಕರು ಹಿಗ್ಗಿದರು.

ಆದರೆ ಇಲ್ಲೊಂದು ತೊಡಕಿದೆ. ಗುಳಿಗೆ ಸೇವಿಸಿದವರು ತಾವಾಗಿಯೇ ಅದನ್ನು ಆರಿಸಿಕೊಂಡವರು. ಅಂಥವರು ಸಾಮಾನ್ಯವಾಗಿ ಹೆಚ್ಚು ಓದಿದವರು, ಅನುಕೂಲಸ್ಥರು, ಆರೋಗ್ಯದ ಬಗ್ಗೆ ಕಾಳಜಿಯುಳ್ಳವರು. ಅವರ ಮಿದುಳನ್ನು ಕಾದದ್ದು ಗುಳಿಗೆಯೋ, ಜೀವನಕ್ರಮವೋ? ಇದನ್ನು ತಿಳಿಯಲು ಒಂದೇ ದಾರಿ. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಗುಳಿಗೆಯನ್ನೂ ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿ ಗುಳಿಗೆಯನ್ನೂ ಕೊಟ್ಟು ಕಾಯಬೇಕು.

ಪರೀಕ್ಷೆಯ ತೀರ್ಪು

ಅಮೆರಿಕ ಸರ್ಕಾರದ ನೆರವಿನ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಮಾಡಿದ್ದು ಇದನ್ನೇ. ಅದರ ಒಂದು ಭಾಗವಾಗಿ 65 ವರ್ಷ ದಾಟಿದ 4,532 ಸ್ತ್ರೀಯರ ಸ್ಮರಣಶಕ್ತಿಯನ್ನು ಗಮನಿಸಲಾಯಿತು. ನಿಜವಾದ ಗುಳಿಗೆಯಲ್ಲಿ ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನೂ ಇತ್ತು. ಸ್ತನ ಕ್ಯಾನ್ಸರ್ ಮುಂತಾದ ಅಪಾಯಗಳು ಕಂಡದ್ದರಿಂದ 2002ರಲ್ಲಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2003ರಲ್ಲಿ ಮಿದುಳಿನ ಲೆಕ್ಕ ಹೊರಬಿತ್ತು. ಹುಸಿ ಗುಳಿಗೆಯ ಗುಂಪಿನಲ್ಲಿ 21 ಮಂದಿಗೆ ಮರೆಗುಳಿ ರೋಗ ಬಂದಿದ್ದರೆ, ಹಾರ್ಮೋನು ಪಡೆದವರಲ್ಲಿ 40 ಮಂದಿಗೆ ಬಂದಿತ್ತು. ರಕ್ಷಣೆ ಸಿಗುವ ಬದಲು ಅಪಾಯ ಇಮ್ಮಡಿಯಾಗಿತ್ತು! ಈಸ್ಟ್ರೋಜನ್ ಒಂದನ್ನೇ ಕೊಟ್ಟ ಪ್ರಯೋಗದ ಫಲಿತಾಂಶ 2004ರಲ್ಲಿ ಬಂತು. ಅಲ್ಲಿಯೂ ರಕ್ಷಣೆ ಕಾಣಲಿಲ್ಲ.

ಹಾಗಾದರೆ ಇಲಿಗಳು ಸುಳ್ಳು ಹೇಳಿದವೇ? ಇಲ್ಲ. ಆ ಇಲಿಗಳು ಎಳೆ ಹರೆಯದವು. ಪ್ರಯೋಗಕ್ಕೆ ಬಂದ ಮಹಿಳೆಯರಿಗೆ ಮುಟ್ಟು ನಿಂತು ಹತ್ತಾರು ವರ್ಷಗಳಾಗಿದ್ದವು. ಬಾಡಿಹೋದ ಗಿಡಕ್ಕೆ ತಡವಾಗಿ ನೀರೆರೆದರೆ ಏನು ಫಲ? ಬೇಗ ಕೊಟ್ಟಿದ್ದರೆ ಉಪಯೋಗವಾಗುತ್ತಿತ್ತೇನೋ ಎಂಬ ವಾದ ಹುಟ್ಟಿಕೊಂಡಿತು. ಅದನ್ನೂ ಒರೆಗೆ ಹಚ್ಚಲಾಯಿತು. ಮುಟ್ಟು ನಿಂತು ಮೂರು ವರ್ಷ ಮೀರದ 727 ಮಹಿಳೆಯರಿಗೆ ನಾಲ್ಕು ವರ್ಷ ಹಾರ್ಮೋನು ಅಥವಾ ಹುಸಿ ಔಷಧ ಕೊಟ್ಟು ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನೆನಪಿನ ಪರೀಕ್ಷೆಗಳಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಸುಮಾರು ಹತ್ತು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗಲೂ ಅಷ್ಟೇ.

ನಾವು ತಿಳಿಯಬೇಕಾದದ್ದು

ಸ್ಮರಣಶಕ್ತಿ ಉಳಿಸಿಕೊಳ್ಳುವುದಕ್ಕೆಂದೇ ಯಾರೂ ಹಾರ್ಮೋನು ಗುಳಿಗೆ ನುಂಗಬೇಕಾಗಿಲ್ಲ. ಮೈಬಿಸಿಯಂಥ ತೊಂದರೆ ವಿಪರೀತವಾದಾಗ ವೈದ್ಯರ ಸಲಹೆಯಂತೆ ತೆಗೆದುಕೊಳ್ಳುವುದು ಬೇರೆ ಮಾತು.

ಇನ್ನೊಂದು ಎಚ್ಚರಿಕೆ ನಮ್ಮ ಮನೆಗಳಿಗೂ ಸೇರಿದ್ದು. ಮುಟ್ಟು ಸಹಜವಾಗಿ ನಿಲ್ಲುವ ಮೊದಲೇ ಅಂಡಾಶಯ ತೆಗೆಸಿಕೊಂಡವರಲ್ಲಿ ಮುಂದೆ ಮರೆಗುಳಿತನದ ಅಪಾಯ ಹೆಚ್ಚು, ವಯಸ್ಸು ಚಿಕ್ಕದಾದಷ್ಟೂ ಇನ್ನೂ ಹೆಚ್ಚು ಎಂದು ಅಮೆರಿಕದ ಮೇಯೋ ಕ್ಲಿನಿಕ್‌ನ ಅಧ್ಯಯನ 2007ರಲ್ಲಿ ತಿಳಿಸಿತು. ಇದೂ ಸಮೀಕ್ಷೆಯೇ; ಕೊನೆಯ ಮಾತಲ್ಲ. ಆದರೂ, "ಹೇಗೂ ಮಕ್ಕಳಾಗಿವೆಯಲ್ಲ, ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಬಿಡೋಣ" ಎನ್ನುವ ಮೊದಲು, ಅದು ನಿಜಕ್ಕೂ ಅಗತ್ಯವೇ, ಆಮೇಲೆ ಹಾರ್ಮೋನು ಪೂರೈಕೆ ಬೇಕೇ ಎಂದು ಅಮ್ಮಂದಿರ ಪರವಾಗಿ ಮಕ್ಕಳೂ ವೈದ್ಯರನ್ನು ಕೇಳಬಹುದು.

ಉಳಿದಂತೆ ಮಿದುಳನ್ನು ಕಾಯುವ ಕ್ರಮಗಳಿಗೆ ದುಬಾರಿ ಔಷಧವೇನೂ ಬೇಕಿಲ್ಲ. 2024ರಲ್ಲಿ ಲ್ಯಾನ್ಸೆಟ್ ಆಯೋಗ 14 ಅಪಾಯಕಾರಿ ಅಂಶಗಳನ್ನು ಪಟ್ಟಿಮಾಡಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಧೂಮಪಾನ, ವ್ಯಾಯಾಮವಿಲ್ಲದ ಬದುಕು ಎಲ್ಲವೂ ಅದರಲ್ಲಿವೆ. ಬಾಲ್ಯದಲ್ಲಿ ಸಾಕಷ್ಟು ಶಿಕ್ಷಣ ಸಿಗದಿರುವುದೂ ಆ ಪಟ್ಟಿಯಲ್ಲಿದೆ. ಮಗಳನ್ನು ಶಾಲೆ ಬಿಡಿಸದೆ ಓದಿಸುವ ತಂದೆತಾಯಿ, ಎಪ್ಪತ್ತರ ವಯಸ್ಸಿನ ಅವಳ ನೆನಪಿಗೂ ಈಗಲೇ ನೆರವಾಗುತ್ತಿದ್ದಾರೆ.