ದಮ್ಮಿಗೆ ಪಂಪು ಎಂದರೆ ಭಯವೇಕೆ?

ಮೇಲೂರು, ಶಿಡ್ಲಘಟ್ಟದ ಕಡೆ ರೇಷ್ಮೆಯೇ ಅನ್ನ. ಹಿಪ್ಪುನೇರಳೆ ತೋಟ, ಹುಳುಮನೆ, ಗೂಡಿನ ಮಾರುಕಟ್ಟೆ, ಬಿಸಿನೀರಿನ ಮುಂದೆ ಕುಳಿತು ನೂಲು ಬಿಚ್ಚುವ ಕೈಗಳು. ಈ ಅನ್ನದ ಜೊತೆಗೆ ಕೆಲವರಿಗೆ ದಮ್ಮೂ ಬರುತ್ತದೆ. ಕರ್ನಾಟಕದ ರೇಷ್ಮೆ ನೂಲು ತೆಗೆಯುವ ಘಟಕಗಳ ಕೆಲಸಗಾರರಲ್ಲಿ ಕಸುಬಿನಿಂದಲೇ ಬರುವ ಅಸ್ತಮಾ ಇರುವುದನ್ನು 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ಗೂಡಿನ ಅಂಟು, ಒಳಗಿನ ಹುಳುವಿನ ಪ್ರೋಟೀನು ಗಾಳಿಗೆ ಸೇರಿ ಉಸಿರಿನೊಡನೆ ಒಳಹೋಗುತ್ತವೆ. ಒಗ್ಗದ ದೇಹ ಅದನ್ನು ಶತ್ರುವೆಂದು ಭಾವಿಸಿ ಕೆರಳುತ್ತದೆ. ಇಂಥವರಿಗೆ ಔಷಧದಷ್ಟೇ ಮುಖ್ಯವಾದದ್ದು ಆ ಹಬೆ, ಧೂಳುಗಳಿಂದ ದೂರವಿರುವುದು. ಹೊಟ್ಟೆಪಾಡು ಅದೇ ಆದಾಗ ಇದು ಹೇಳಿದಷ್ಟು ಸುಲಭವಲ್ಲ, ನಿಜ.

ಕೆರಳಿದಾಗ ಒಳಗೆ ಆಗುವುದೇನು? ಶ್ವಾಸನಾಳದ ಸುತ್ತ ಇರುವ ಸ್ನಾಯು ಬಿಗಿಯುತ್ತದೆ; ಒಳಪದರ ಊದಿ ಕಫ ತುಂಬುತ್ತದೆ. ಎರಡು ತೊಂದರೆಗೆ ಎರಡು ಬಗೆಯ ಔಷಧ. ಸಾಲ್ಬುಟಮಾಲ್ ಸ್ನಾಯುವನ್ನು ಸಡಿಲಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಹಾಯೆನಿಸಿ, ನಾಲ್ಕಾರು ಗಂಟೆ ಕೆಲಸ ಮಾಡುತ್ತದೆ. ಆದರೆ ಊತವನ್ನು ಅದು ಮುಟ್ಟುವುದಿಲ್ಲ. ಊತ ಇಳಿಸುವುದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್. ಎಳೆದ ತಕ್ಷಣ ಏನೂ ಅನಿಸದ ಕಾರಣ ‘ಇದರಿಂದ ಪ್ರಯೋಜನವಿಲ್ಲ’ ಎಂದು ಮೂಲೆಗೆಸೆಯುವವರೇ ಹೆಚ್ಚು. ಅದರ ಗುಣ ತಿಳಿಯಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡವರಿಗೆ ತೀವ್ರ ದಾಳಿಯ ಅಪಾಯ ಹೆಚ್ಚು. ಹೀಗಾಗಿ 12 ವರ್ಷ ದಾಟಿದವರಿಗೆ ಅದೊಂದನ್ನೇ ಕೊಡುವುದು ಬೇಡವೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ ಹೇಳುತ್ತಿದೆ.

‘ಪಂಪು ಅಭ್ಯಾಸವಾಗಿಬಿಡುತ್ತದೆ, ಮಾತ್ರೆಯೇ ಕೊಡಿ’ ಎನ್ನುವ ತಂದೆತಾಯಿಯರು ಒಂದು ಲೆಕ್ಕ ಮಾಡಲಿ. ಸಾಲ್ಬುಟಮಾಲ್‌ನ ಒಂದು ಮಾತ್ರೆ 4 ಮಿಲಿಗ್ರಾಂ ಇದ್ದರೆ, ಪಂಪಿನ ಒಂದು ಒತ್ತು 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆಯಲ್ಲಿ 40 ಒತ್ತುಗಳ ಔಷಧ! ಅದು ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈಯೆಲ್ಲ ಸುತ್ತಿ ಶ್ವಾಸನಾಳಕ್ಕೆ ಬರಬೇಕು. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಅದರಿಂದಲೇ. ಪಂಪಿನ ಸ್ಟೀರಾಯ್ಡ್‌ಗೆ ಅಡ್ಡಪರಿಣಾಮವೇ ಇಲ್ಲವೆನ್ನುವಂತಿಲ್ಲ. ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಬಹುದು. ರಾತ್ರಿಯಿಡೀ ಕೆಮ್ಮಿ, ಶಾಲೆ ತಪ್ಪಿಸಿಕೊಂಡು, ಆಟದ ಬಯಲಿನಂಚಿನಲ್ಲಿ ಕೂರುವ ಮಗುವಿಗೆ ಆ ಒಂದು ಸೆಂಟಿಮೀಟರ್ ದೊಡ್ಡದೇ?

ಅಜ್ಜಿಯ ಕೆಮ್ಮಿನ ಕಥೆ ಬೇರೆ. ದಶಕಗಳ ಸೌದೆ ಒಲೆಯ ಹೊಗೆ, ಅಜ್ಜನಿಗಾದರೆ ಬೀಡಿ, ಶ್ವಾಸಕೋಶವನ್ನೇ ಸವೆಸಿ ತರುವ ಕಾಯಿಲೆ ಸಿಒಪಿಡಿ. ಸವೆದದ್ದು ಮರಳಿ ಬಾರದು. ಇಲ್ಲಿ ಟಯೋಟ್ರೋಪಿಯಂನಂಥ, ಒಂದು ದಿನವಿಡೀ ನಾಳವನ್ನು ತೆರೆದಿಡುವ ಔಷಧಗಳಿಗೆ ಮೊದಲ ಮಣೆ. ಸ್ಟೀರಾಯ್ಡ್ ಎಲ್ಲರಿಗೂ ಬೇಕಿಲ್ಲ. ಆದ್ದರಿಂದ ಅಜ್ಜಿಯ ಪಂಪನ್ನು ಮೊಮ್ಮಗನಿಗೆ, ಅವನದನ್ನು ಅಜ್ಜಿಗೆ ಕೊಡುವ ಉಪಕಾರ ಬೇಡ.

ಉಬ್ಬಸ ಹೆಚ್ಚಿ ಮಗು ಒಂದು ವಾಕ್ಯ ಪೂರ್ತಿ ಹೇಳಲಾರದೆ ಏದುಸಿರು ಬಿಟ್ಟರೆ, ತುಟಿ ನೀಲಿಗಟ್ಟಿದರೆ, ಪಂಪಿಗೂ ಬಗ್ಗದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ, ಬೆಳಗಾಗಲೆಂದು ಕಾಯಬೇಡಿ.

ಇನ್ನು ಎಳೆಯುವ ರೀತಿ. ಪಂಪನ್ನು ಚೆನ್ನಾಗಿ ಅಲುಗಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ನಿಧಾನವಾಗಿ ಒಳಗೆಳೆಯಲು ತೊಡಗಿದೊಡನೆ ಒತ್ತಬೇಕು. ಆಮೇಲೆ ಹತ್ತು ಎಣಿಸುವಷ್ಟು ಹೊತ್ತು ಉಸಿರು ಬಿಗಿಹಿಡಿಯಬೇಕು. ಒತ್ತಿಗೂ ಉಸಿರಿಗೂ ತಾಳ ತಪ್ಪಿದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಮಕ್ಕಳಿಗೆ ಈ ತಾಳ ಕಷ್ಟ, ದೊಡ್ಡವರಿಗೂ ಅಷ್ಟೇ; ಅದಕ್ಕೇ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಇದೆ. ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಕಾಣಿಸಿಕೊಂಡೀತು.