ಹಬೆಯ ಲೆಕ್ಕ ಕೇಳುವವರಿಲ್ಲ

ಅಡುಗೆ ಅನಿಲದ ಬೆಲೆ ಏರಿದಾಗಲೆಲ್ಲ ವಿಧಾನಸೌಧದಿಂದ ಸಂಸತ್ತಿನವರೆಗೆ ಚರ್ಚೆ ಕಾವೇರುತ್ತದೆ. ಸಹಾಯಧನ ಎಷ್ಟಿರಬೇಕು, ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಗಳಿಗೆ ಪುಟಗಟ್ಟಲೆ ಉತ್ತರ ಸಿದ್ಧವಾಗುತ್ತದೆ. ಒಲೆಯಿಂದ ಹೊರಟ ಶಾಖದಲ್ಲಿ ಎಷ್ಟು ಪಾಲು ಅನ್ನವನ್ನು ಬೇಯಿಸಿತು, ಎಷ್ಟು ಪಾಲು ಅಡುಗೆಮನೆಯ ಗಾಳಿಗೆ ಸೇರಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಸರ್ಕಾರಿ ಸೇವೆಯಲ್ಲಿದ್ದಾಗ ವಿದ್ಯಾರ್ಥಿನಿಲಯಗಳ ತಪಾಸಣೆಗೆ ಹೋಗುವುದಿತ್ತು. ಅಕ್ಕಿ, ಬೇಳೆ, ಎಣ್ಣೆಯ ದಾಸ್ತಾನಿಗೆಲ್ಲ ವಹಿಯಲ್ಲಿ ಅಂಕಣಗಳಿದ್ದವು. ಸೌದೆಗೂ ಒಂದು ಅಂಕಣವಿತ್ತು, ಖರೀದಿಯ ಮೊತ್ತ ಬರೆಯಲು. ಅದು ಹೇಗೆ ಉರಿಯಿತು ಎಂಬುದು ಆಡಳಿತದ ಕಾಳಜಿಯಾಗಿರಲಿಲ್ಲ.

ಭೌತವಿಜ್ಞಾನದ ಪಾಠ ಇಲ್ಲಿ ಸ್ವಲ್ಪ ಬೇಕಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಕಿಲೋ ನೀರನ್ನು ಕುದಿಯುವ ಹಂತಕ್ಕೆ ತರಲು ಸುಮಾರು 70 ಕಿಲೋ ಕ್ಯಾಲೊರಿ ಶಾಖ ಸಾಕು. ಆ ನೀರನ್ನು ಪೂರ್ತಿ ಹಬೆಯಾಗಿಸಲು ಇನ್ನೂ ಸುಮಾರು 540 ಕಿಲೋ ಕ್ಯಾಲೊರಿ ಬೇಕು. ನಮ್ಮ ಪಠ್ಯಪುಸ್ತಕಗಳು ಇದನ್ನು ಗುಪ್ತೋಷ್ಣ ಎನ್ನುತ್ತವೆ. ಹಬೆ ತಣ್ಣನೆಯ ಹಿಟ್ಟನ್ನೋ ಕಾಳನ್ನೋ ಮುಟ್ಟಿ ಮತ್ತೆ ನೀರಾದಾಗ ಈ ಗುಪ್ತಧನವಷ್ಟೂ ಆಹಾರಕ್ಕೆ ಸಂದಾಯವಾಗುತ್ತದೆ. ಮುಚ್ಚಳವಿಲ್ಲದ ಪಾತ್ರೆಯಲ್ಲಿ ಕೊತಕೊತನೆ ಕುದಿಸಿದರೆ ಅದು ಮಾಡಿನ ಹಂಚಿಗೆ ಹೋಗುತ್ತದೆ. ನೀರು ಒಮ್ಮೆ ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ ಏರುವುದಿಲ್ಲ, ಬೇಳೆ ಬೇಗ ಬೇಯುವುದೂ ಇಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಂತೂ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ.

ನಮ್ಮ ಗೃಹಿಣಿಯರು ಈ ಲೆಕ್ಕವನ್ನು ಪುಸ್ತಕ ನೋಡದೆ ಅರಿತಿದ್ದರು. ತಳದಲ್ಲಿ ಎರಡು ಲೋಟ ನೀರು, ಮೇಲೆ ಮೂರು ನಾಲ್ಕು ತಟ್ಟೆ ಇಡ್ಲಿ. ಒಂದೇ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷದಲ್ಲಿ ಇಡೀ ಮನೆಯ ಉಪಾಹಾರ. ಕರಾವಳಿಯ ಮೂಡೆ, ಹಲಸಿನೆಲೆಯ ಕೊಟ್ಟೆ ಕಡುಬು, ಮಳೆಗಾಲದ ಪತ್ರೊಡೆ, ಹಳೆಯ ಮೈಸೂರಿನ ನುಚ್ಚಿನುಂಡೆ ಎಲ್ಲವೂ ಇದೇ ಕುಟುಂಬಕ್ಕೆ ಸೇರಿದವು. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಆದರೆ ಅದನ್ನು ಅಂದು ಹಬೆಯಲ್ಲಿ ಬೇಯಿಸುತ್ತಿದ್ದರೆಂಬುದಕ್ಕೆ ಆಧಾರವಿಲ್ಲವೆಂದು ಆಹಾರ ಇತಿಹಾಸಕಾರ ಕೆ.ಟಿ. ಅಚಯ ವಾದಿಸಿದ್ದರು. ಆ ವಿವಾದವನ್ನು ವಿದ್ವಾಂಸರಿಗೆ ಬಿಡೋಣ.

ಹಬೆಯನ್ನು ಹೊರಬಿಡದೆ ಹಿಡಿದಿಟ್ಟರೆ ಇನ್ನೂ ಲಾಭ. ಫ್ರಾನ್ಸಿನ ಡೆನಿ ಪಾಪ್ಯಾಂ 1679ರಲ್ಲಿ ಬಿಗಿ ಮುಚ್ಚಳದ ಪಾತ್ರೆಯೊಂದನ್ನು ರೂಪಿಸಿದ; ಅದು ಸಿಡಿಯದಂತೆ ಸುರಕ್ಷತಾ ಕವಾಟವನ್ನೂ ಜೋಡಿಸಿದ. ಇಂದಿನ ಪ್ರೆಷರ್ ಕುಕ್ಕರ್‌ ಅದರದೇ ಸಂತತಿ. ಅದರೊಳಗೆ ಉಷ್ಣತೆ ಸುಮಾರು 120 ಡಿಗ್ರಿಗೆ ಏರುವುದರಿಂದ ಗಂಟೆಗಟ್ಟಲೆ ಬೇಯುತ್ತಿದ್ದ ಕಡಲೆ, ತೊಗರಿ ಕೆಲವೇ ಸೀಟಿಗಳಲ್ಲಿ ಮೆತ್ತಗಾಗುತ್ತವೆ. ಉಜ್ವಲಾ ಯೋಜನೆ 2016ರಲ್ಲಿ ಆರಂಭವಾದಾಗ ಬಡ ಮನೆಗಳಿಗೆ ಅನಿಲ ಸಂಪರ್ಕ ಬಂತು. 2023ರಲ್ಲಿ ಸಿಲಿಂಡರಿನ ಸಹಾಯಧನ 300 ರೂಪಾಯಿಗೆ ಏರಿತು. ಸಿಲಿಂಡರಿನ ಜೊತೆ ಒಂದು ಕುಕ್ಕರನ್ನೂ ಕೊಟ್ಟಿದ್ದರೆ ಅದು ಒಮ್ಮೆ ಮಾಡುವ ವೆಚ್ಚ, ಉಳಿತಾಯ ಮಾತ್ರ ಹಲವು ವರ್ಷಗಳದು. ವರ್ಷವರ್ಷವೂ ಬೊಕ್ಕಸದಿಂದ ಹರಿಯುವ ಸಹಾಯಧನಕ್ಕಿಂತ ಇದು ಅಗ್ಗವೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಅನ್ನಿಸುತ್ತದೆ.

ಇನ್ನು ಸಾಮೂಹಿಕ ಅಡುಗೆಯ ವಿಚಾರ. ಅಕ್ಷರ ದಾಸೋಹ 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೊದಲಾಯಿತು. ಎರಡೇ ವರ್ಷದಲ್ಲಿ, 2004ರ ಜುಲೈ 16ರಂದು, ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಕೋಣೆಯಿಂದ ಎದ್ದ ಬೆಂಕಿ ತೆಂಗಿನ ಗರಿಯ ಮಾಡಿಗೆ ಹಬ್ಬಿ 94 ಮಕ್ಕಳು ಬಲಿಯಾದರು. ಮಕ್ಕಳಿರುವ ಜಾಗದಲ್ಲಿ ತೆರೆದ ಉರಿ ಏನು ಮಾಡಬಲ್ಲದೆಂದು ಹೇಳಲು ಬೇರೆ ನಿದರ್ಶನ ಬೇಡ. ಬಾಯ್ಲರ್‌ ಹೊರಗಿನ ಕೋಣೆಯಲ್ಲಿದ್ದು, ಕೊಳವೆಯ ಮೂಲಕ ಹಬೆ ಮಾತ್ರ ಒಳಬರುವ ಅಡುಗೆಮನೆಯಲ್ಲಿ ಉರಿಯೂ ಇಲ್ಲ, ಹೊಗೆಯೂ ಇಲ್ಲ. ಅನ್ನ ತಳ ಹಿಡಿಯುವುದಿಲ್ಲ. ಅಡುಗೆಯ ಹೆಂಗಸರ ಕಣ್ಣು, ಶ್ವಾಸಕೋಶ ಎರಡೂ ಉಳಿಯುತ್ತವೆ.

ಅಂಥ ಬಾಯ್ಲರುಗಳು ಏಕೆ ಎಲ್ಲೆಡೆ ಇಲ್ಲ? ಜಿಲ್ಲೆಯೊಂದರ ದೊಡ್ಡ ವಿದ್ಯಾರ್ಥಿನಿಲಯದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಬಾಯ್ಲರ್ ಇತ್ತು, ತುಕ್ಕು ಹಿಡಿದಿತ್ತು. ಅದರ ಪಕ್ಕದಲ್ಲೇ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಮಾರ್ಚ್ ಕೊನೆಯ ವಾರದಲ್ಲಿ ಅನುದಾನ ಮುಗಿಸಲು ಕೊಂಡದ್ದು. ಅಲ್ಲಿನ ಕೊಳವೆಬಾವಿಯ ನೀರು ಗಡಸು. ಮೆದುಗೊಳಿಸುವ ಸಾಧನಕ್ಕೆ ಹಣ ಇಟ್ಟಿರಲಿಲ್ಲ. ಒಳಗೋಡೆಗೆ ಸುಣ್ಣದ ಪದರ ಕಟ್ಟಿದ ಬಾಯ್ಲರ್ ಶಾಖವನ್ನು ನೀರಿಗೆ ದಾಟಿಸುವುದಿಲ್ಲ, ಸೌದೆ ಹೆಚ್ಚು ತಿನ್ನುತ್ತದೆ, ಲೋಹ ಅತಿಯಾಗಿ ಕಾಯುತ್ತದೆ. ನಡೆಸಲು ತರಬೇತಾದ ಕೆಲಸಗಾರನ ಹುದ್ದೆಯೂ ಮಂಜೂರಾಗಿರಲಿಲ್ಲ. ಹಬೆ ಆಟದ ವಸ್ತುವಲ್ಲವೆಂದೇ ಬ್ರಿಟಿಷರು 1923ರಲ್ಲಿ ಬಾಯ್ಲರ್ ಕಾಯ್ದೆ ತಂದರು. ಅದರ ಜಾಗದಲ್ಲಿ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಹಬೆಯನ್ನು ನೇರವಾಗಿ ಸಾಂಬಾರಿನೊಳಗೇ ಹಾಯಿಸುವ ಕಡೆ ಬಾಯ್ಲರಿನ ನೀರು ಊಟದ ಭಾಗವೇ ಆಗುತ್ತದೆ. ನೀರಿಗೆ ಬೆರೆಸುವ ರಾಸಾಯನಿಕ ಯಾವುದು ಎಂದು ಅಲ್ಲಿ ಕೇಳಲೇಬೇಕು.

ಕೇಂದ್ರೀಕೃತ ಅಡುಗೆಮನೆಗಳು ಇದಕ್ಕೊಂದು ಉತ್ತರ. ಬೆಂಗಳೂರಿನಲ್ಲಿ 2000ದಲ್ಲಿ ಆರಂಭವಾದ ಅಕ್ಷಯಪಾತ್ರೆಯಂಥ ಸಂಸ್ಥೆಗಳು ಹಬೆಯಿಂದ ಕಾಯುವ ಬೃಹತ್ ಕಡಾಯಿಗಳಲ್ಲಿ ಸಾವಿರಾರು ಮಕ್ಕಳಿಗೆ ಬೇಯಿಸುತ್ತವೆ. ನಗರಕ್ಕೆ ಅದು ಸರಿ. ಊರೂರಿನ ಶಾಲೆಗೂ ಅದನ್ನೇ ಹೇರಿದರೆ ಆ ಊರಿನ ಮೂರ್ನಾಲ್ಕು ಹೆಂಗಸರ ಸಂಬಳ ಹೋಗುತ್ತದೆ, ಬಿಸಿಯೂಟ ದಾರಿಯಲ್ಲೇ ಆರುತ್ತದೆ. ಅರವತ್ತು ಮಕ್ಕಳ ಶಾಲೆಗೆ ಬಾಯ್ಲರ್ ಬೇಕಿಲ್ಲ. ದೊಡ್ಡ ಕುಕ್ಕರ್, ಬಿಗಿ ಮುಚ್ಚಳ, ಕುದಿ ಬಂದ ಪಾತ್ರೆಯನ್ನು ಇಳಿಸಿಡಲು ಹೊಟ್ಟು ತುಂಬಿದ ಪೆಟ್ಟಿಗೆ ಇದ್ದರೆ ಸಾಕು. ಇನ್ನೂರು ಮುನ್ನೂರು ಮಕ್ಕಳ ವಸತಿನಿಲಯಗಳಿಗೆ ಬಾಯ್ಲರ್ ಕೊಡುವುದಾದರೆ ನೀರು ಮೆದುಗೊಳಿಸುವ ಸಾಧನ, ವಾರ್ಷಿಕ ತಪಾಸಣೆ, ಕೆಲಸಗಾರನ ವೇತನ ಇವು ಅದೇ ಅಂದಾಜುಪಟ್ಟಿಯಲ್ಲಿರಲಿ. ಟೆಂಡರ್ ಕರೆಯುವ ಮುನ್ನ ಪಾತ್ರೆಯ ಎತ್ತರ ಎಷ್ಟಿರಬೇಕು, ಕವಾಟದ ಹಿಡಿ ಕೈಗೆಟುಕುವುದೇ ಎಂದು ಅಲ್ಲಿ ಅಡುಗೆ ಮಾಡುವ ಹೆಂಗಸರನ್ನು ಎಂಜಿನಿಯರ್ ಒಮ್ಮೆ ಕೇಳಲಿ.